ಜೀರ್ಕಾಳ ಎಡ ತಿರುವು

ಕೆಟಲ್ ಫೋರ್ಡ್, ಸಸ್ಕಾಚೆವಾನ್
1994ರ ಫೆಬ್ರವರಿ 16, ಬುಧವಾರ

ನನ್ನ ಮುದ್ದಿನ ಲೆಸ್ಯಾ,

ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಹೋದ ಪತ್ರದಲ್ಲಿ ‘ಸ್ವಲ್ಪ ಗಂಟಲು ಕಟ್ಟಿದೆ ತಾತ, ಅಷ್ಟೇ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಮೂವತ್ತೆಂಟು ವರ್ಷ ಹರಾಜು ಕೂಗಿ ಹೊಟ್ಟೆ ಹೊರೆದವನು ನಾನು. ಗಂಟಲಿನ ವಿಷಯದಲ್ಲಿ ನನ್ನ ಹತ್ತಿರ ಸುಳ್ಳು ನಡೆಯುವುದಿಲ್ಲ. ಬಾಸ್ನಿಯಾದ ಬೆಟ್ಟದ ಮಂಜಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಆ ಕಬ್ಬಿಣದ ಗಾಡಿಯ ಬಾಗಿಲು ತೆಗೆದು ತಲೆ ಹೊರಗೆ ಹಾಕಿಕೊಂಡು ಓಡಿಸುತ್ತೀಯಂತೆ. ಕುತ್ತಿಗೆಗೆ ಬಟ್ಟೆ ಸುತ್ತಿಕೊ. ನಿನ್ನ ಅಜ್ಜಿ ಟೆಕ್ಲಾ ಕಳಿಸಿದ ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ತಲುಪಿತೇ? ನಾಲ್ಕು, ಮೂರಲ್ಲ. ಒಂದು ಜೊತೆಯೊಳಗೆ ಬೆಳ್ಳುಳ್ಳಿ ಸಾಸೇಜ್ ಸುತ್ತಿಟ್ಟಿದ್ದಳು. ನಿಮ್ಮ ಅಂಚೆ ಸಾರ್ಜೆಂಟ್ ಮೂಸಿ ನೋಡಿ ಆ ಜೊತೆಯನ್ನೇ ಉಳಿಸಿಕೊಂಡಿದ್ದರೆ ಅವನ ಹೆಸರು ಬರೆದು ಕಳಿಸು. ಇಲ್ಲಿ ನಾವು ಆರೋಗ್ಯ. ಟೆಕ್ಲಾಳ ಮೊಣಕಾಲು ಹವಾಮಾನ ಇಲಾಖೆಗಿಂತ ಒಂದು ದಿನ ಮೊದಲೇ ಹಿಮ ಬೀಳುವುದನ್ನು ಹೇಳುತ್ತದೆ. ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿದೆ, ನಮ್ಮ ಟ್ರಕ್ ಬೆಳಿಗ್ಗೆ ಸ್ಟಾರ್ಟ್ ಆಗಲು ನನ್ನಷ್ಟೇ ಹೊತ್ತು ಗೊಣಗುತ್ತದೆ. ನಿನ್ನ ಅಮ್ಮ ಭಾನುವಾರ ಬಂದು ಟಿವಿಯಲ್ಲಿ ಬಾಸ್ನಿಯಾದ ಸುದ್ದಿ ಬಂದ ಕೂಡಲೇ ಪಾತ್ರೆ ತೊಳೆಯಲು ಎದ್ದು ಹೋದಳು. ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು. ಅವಳಿಗೆ ಬೇರೆಯಾಗಿ ಒಂದು ಕಾಗದ ಹಾಕು.

ಇನ್ನು ಸುದ್ದಿ. ಲೆಸ್ಯಾ, ನನಗೆ ಕೋಪ ಬಂದಿದೆ. ಸೋಮವಾರ ಬಂದದ್ದು ಇನ್ನೂ ಇಳಿದಿಲ್ಲ. ಟೆಕ್ಲಾ ಮಾಡಿದ ಪಿರೊಹಿ ಕಡುಬನ್ನು ಎಣಿಸಿ ಹದಿನೆಂಟು ತಿಂದ ಮೇಲೂ ಇಳಿಯಲಿಲ್ಲ ಎಂದರೆ ಅದು ಹೊಟ್ಟೆಯ ಉರಿಯಲ್ಲ ಎಂದು ನಿನಗೆ ತಿಳಿಯುತ್ತದೆ.

ನಮ್ಮ ವೈಟ್‌ಮಡ್ ಹಾರ್ಸ್ ರೆಜಿಮೆಂಟಿನ ಚರಿತ್ರೆ ಪುಸ್ತಕವಾಗುತ್ತಿದೆ. ಹೆಸರಿನಲ್ಲಿ ಮಾತ್ರ ಈಗ ಕುದುರೆ ಉಳಿದಿರುವ ರೆಜಿಮೆಂಟಿಗೆ ಚರಿತ್ರೆ ಬೇಡ ಎಂದು ನಾನು ಹೇಳುವವನಲ್ಲ. ಸಮಿತಿಯ ಯಜಮಾನ ಲಯಲ್ ಹ್ಯಾದರ್ಲಿ. ಹಳೆಯ ಮೇಜರ್ ಹ್ಯಾದರ್ಲಿಯ ಮಗ, ಈಗಿನ ಗೌರವ ಕರ್ನಲ್, ಬ್ಯಾಂಕಿನ ಮೇಲಂತಸ್ತಿನಲ್ಲಿ ಊರಿನವರ ಹಲ್ಲು ಕೀಳುವ ಡಾಕ್ಟರ್. ಸೋಮವಾರ ನನ್ನನ್ನು ಡ್ರಿಲ್ ಹಾಲ್‌ಗೆ ಕರೆಸಿಕೊಂಡ. ಕಾಫಿ ಕೊಟ್ಟ, ಸಕ್ಕರೆ ಉದುರಿಸಿದ ಡೋನಟ್ ಕೊಟ್ಟ, ಅಚ್ಚಿಗೆ ಹೋಗಲಿರುವ ಹಾಳೆಗಳ ಕಟ್ಟನ್ನು ಮುಂದಿಟ್ಟ. ‘ಹ್ಯಾರಿ, ಕುದುರೆ ಮೇಲೆ ಕೂತು ಪರೇಡ್ ಮಾಡಿದವರಲ್ಲಿ ಬದುಕಿರೋನು ನೀನೊಬ್ಬನೇ. ಅರವತ್ತೊಂದನೇ ಪುಟದ ಫೋಟೋ ಕೆಳಗೆ ಒಂದು ಸಹಿ ಹಾಕಿಬಿಡು. ಕಣ್ಣಾರೆ ಕಂಡವನ ಸಹಿ ಇದ್ರೆ ಪುಸ್ತಕಕ್ಕೆ ತೂಕ ಬರುತ್ತೆ’ ಎಂದ. ಮಾರ್ಚ್ ಮೂವತ್ತೊಂದಕ್ಕೆ ಅಚ್ಚಿಗೆ ಹೋಗಬೇಕಂತೆ.

ನಿನಗೆ ನನ್ನ ಸ್ವಭಾವ ಗೊತ್ತು. ಹಸು ಇರಲಿ ಹಾರ್ಮೋನಿಯಂ ಇರಲಿ, ಸುತ್ತಲೂ ಒಂದು ಸಲ ಬಂದು ಎಣಿಸದೆ ನಾನು ಕೈ ಚಾಚುವುದಿಲ್ಲ. ಮೊದಲಿನಿಂದ ತಿರುವಿದೆ. ನೂರ ಎಂಬತ್ತನಾಲ್ಕು ಪುಟ. ಕರ್ನಲ್‌ಗಳ ಭಾವಚಿತ್ರ ಇಪ್ಪತ್ತಮೂರು, ಅದರಲ್ಲಿ ಮೀಸೆ ಇರುವುದು ಹತ್ತೊಂಬತ್ತು. ಕರ್ನಲ್‌ಗಳ ಹೆಂಡಂದಿರು ನಡೆಸಿದ ಚಹಾ ಕೂಟಕ್ಕೆ ಆರು ಪುಟ. ಟ್ಯಾಂಕ್‌ಗಳ ತೂಕ, ಉದ್ದ, ಫಿರಂಗಿಯ ಅಳತೆಗೆ ಹನ್ನೊಂದು ಪುಟ. ಕುದುರೆಗಳಿಗೆ ಒಂದೂವರೆ ಪುಟ. ಅದರಲ್ಲಿ ಹೆಸರು ಹಿಡಿದು ಕರೆದದ್ದು ಒಂದೇ ಕುದುರೆಯನ್ನು, ಅದೂ ಸುಳ್ಳು.

ಕುದುರೆಗಳು ಸರ್ಕಾರ ಕೊಟ್ಟವು ಎಂದು ಬರೆದಿದ್ದಾರೆ, ಮಗಳೇ! ನಮ್ಮದು ಮೀಸಲು ದಳ. ವರ್ಷವಿಡೀ ಹೊಲ, ಜೂನ್‌ನಲ್ಲಿ ಹನ್ನೆರಡು ದಿನ ಸೈನ್ಯ. ಬಿತ್ತನೆ ಮುಗಿದು ಹುಲ್ಲು ಕೊಯ್ಯುವ ಮೊದಲು ಸಿಗುವ ಆ ಹನ್ನೆರಡು ದಿನಕ್ಕೆ ಸವಾರ ತನ್ನ ಮನೆಯ ಕುದುರೆಯನ್ನೇ ಕ್ಯಾಂಪಿಗೆ ಹೊಡೆದುಕೊಂಡು ಬರಬೇಕು. ಸರ್ಕಾರದ್ದು ಟೋಪಿ, ಕತ್ತಿ, ಜೀನು. ಅದರ ಕೆಳಗಿನ ಬೆನ್ನು ನಮ್ಮದು. 1908ರಲ್ಲಿ ದಳ ಕಟ್ಟಿದಾಗಿನಿಂದ ಅದೇ ಪದ್ಧತಿ. ಮೊದಲ ಮಹಾಯುದ್ಧಕ್ಕೆ ಮನೆಮನೆಯಿಂದ ಕುದುರೆ ಹೊರಟವು, ಮರಳಿ ಬಂದದ್ದು ಒಂದೂ ಇಲ್ಲ. ಸವಾರರು ಕೆಸರಿನ ಕಂದಕಗಳಲ್ಲಿ ಕಾಲುನಡಿಗೆಯಲ್ಲಿ ಹೋರಾಡಿ ಬಂದರು. ಮತ್ತೆ ಮನೆಯ ಕುದುರೆಗಳನ್ನೇ ತಂದು ದಳವನ್ನು ಎಬ್ಬಿಸಿ ನಿಲ್ಲಿಸಿದರು. ಸೋಮವಾರ ಗೊಬ್ಬರ ಎಳೆದ ಕುದುರೆ ಗುರುವಾರ ಕತ್ತಿವರಸೆ ಕಲಿಯುತ್ತಿತ್ತು. ಇದನ್ನು ಬರೆದರೆ ಯಾರ ಮರ್ಯಾದೆ ಹೋಗುತ್ತದೆ?

ನಮ್ಮ ಮನೆಯಿಂದ ಹೋಗುತ್ತಿದ್ದವಳು ಜೀರ್ಕಾ. ಕಂದು ಬಣ್ಣ, ಹಣೆಯ ಮೇಲೆ ಅಂಗೈಯಗಲದ ಬಿಳಿ ಚುಕ್ಕೆ. ಅದಕ್ಕೇ ನನ್ನ ಅಪ್ಪ ಪನಾಸ್ ಅವಳಿಗೆ ನಮ್ಮ ಉಕ್ರೇನಿಯನ್ ಭಾಷೆಯಲ್ಲಿ ನಕ್ಷತ್ರ ಎಂದು ಹೆಸರಿಟ್ಟದ್ದು. ಎತ್ತರದ ಹೆಣ್ಣು ಕುದುರೆ. ವರ್ಷಗಟ್ಟಲೆ ನೇಗಿಲಿನ ಕೊರಳಪಟ್ಟಿ ಉಜ್ಜಿ ಉಜ್ಜಿ ಎರಡು ಹೆಗಲ ಮೇಲೂ ಕೂದಲು ಉದುರಿ, ಮತ್ತೆ ಹುಟ್ಟುವಾಗ ಬೆಳ್ಳಗೆ ಹುಟ್ಟಿತ್ತು. ಹೆಗಲಿಗೊಂದರಂತೆ ಎರಡು ಬಿಳಿ ಕಲೆ. ಹೊಲ ಉತ್ತ ಕುದುರೆಯ ಜನ್ಮಪತ್ರಿಕೆ ಅದು. ಆಳದ ಸಾಲು, ನೇರ ಸಾಲು ಎಂದರೆ ಜೀರ್ಕಾಳದ್ದು. ಅಪ್ಪ ಹೊಲದ ಕೊನೆಯಲ್ಲಿ ಒಂದು ಕೋಲು ನೆಟ್ಟು ಅದರ ತುದಿಗೆ ಬಟ್ಟೆಯ ತುಂಡು ಕಟ್ಟುತ್ತಿದ್ದ. ಅವಳು ಆ ಬಟ್ಟೆಯ ಮೇಲೆ ಕಣ್ಣಿಟ್ಟು ನೇರ ಬರುವಳು, ಕೋಲಿನ ಹತ್ತಿರ ಬಂದ ಕೂಡಲೇ ಯಾರೂ ಹೇಳದೆ ಎಡಕ್ಕೆ ತಿರುಗುವಳು. ಲಗಾಮು ಎಳೆಯುವ ಕೆಲಸವೇ ಇರಲಿಲ್ಲ.

ಈಗ 1938ರ ಜೂನ್ ಕ್ಯಾಂಪು. ನನಗೆ ಹತ್ತೊಂಬತ್ತು. ಕೊನೆಯ ದಿನ ರೆಜೈನಾದಿಂದ ಜನರಲ್ ಸಾಹೇಬರು ಪರೇಡ್ ನೋಡಲು ಬಂದರು. ಮೇಜರ್ ಹ್ಯಾದರ್ಲಿಯ ಅರಬ್ಬಿ ಕುದುರೆ ಸುಲ್ತಾನ್ ಬೆಳಿಗ್ಗೆಯೇ ಡ್ರಮ್ ಸದ್ದಿಗೆ ಬೆದರಿ, ಡೇರೆಯ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು, ಮೂರು ಕಾಲಲ್ಲಿ ನಿಂತಿತ್ತು. ಮೇಜರ್ ಸಾಲಿನುದ್ದಕ್ಕೂ ನಡೆದು ಬಂದು ಜೀರ್ಕಾಳ ಮುಂದೆ ನಿಂತರು. ‘ಇವಳು ಎತ್ತರ ಇದಾಳೆ. ಇಳಿಯಯ್ಯಾ’ ಎಂದರು. ಇಳಿದೆ. ಕುದುರೆ ಇಲ್ಲದ ಸವಾರನನ್ನು ಏನು ಮಾಡುವುದು? ಕೈಗೊಂದು ಪುಟ್ಟ ಬಾವುಟ ಕೊಟ್ಟು, ಜನರಲ್‌ರ ವೇದಿಕೆಗೆ ಇಪ್ಪತ್ತು ಹೆಜ್ಜೆ ಈಚೆ ಗುರುತಿನ ಕಂಬದ ಹಾಗೆ ನಿಲ್ಲಿಸಿದರು. ದಳ ನನ್ನನ್ನು ದಾಟಿ ನೇರ ಹೋಗಬೇಕು, ವೇದಿಕೆಯ ಮುಂದೆ ಕತ್ತಿ ಎತ್ತಿ ವಂದಿಸಬೇಕು.

ನಿನಗೆ ಈಗಾಗಲೇ ಗೊತ್ತಾಗಿರಬೇಕು. ಜೀರ್ಕಾ ಕಂಡದ್ದು ಬಯಲಿನ ಕೊನೆಯಲ್ಲಿ ಕೋಲು, ಕೋಲಿಗೆ ಬಟ್ಟೆ, ಪಕ್ಕದಲ್ಲಿ ನಾನು. ನೇರ ಬಂದಳು, ಎಂಥ ನೇರ! ಮೇಜರ್ ಕತ್ತಿ ಎತ್ತಿ ಬಲಕ್ಕೆ ಮುಖ ಹೊರಳಿಸುವ ಹೊತ್ತಿಗೆ ಇವಳು ನನ್ನನ್ನು ಸುತ್ತಿ ಎಡಕ್ಕೆ ತಿರುಗಿದಳು. ಮೇಜರ್ ಲಗಾಮು ಜಗ್ಗಿದರು. ಜಗ್ಗಿದರೆ ನೇಗಿಲು ಕಲ್ಲಿಗೆ ಸಿಕ್ಕಿದೆ ಎಂದು ಲೆಕ್ಕ ಅವಳಿಗೆ. ಇನ್ನಷ್ಟು ಬಲವಾಗಿ ಎಳೆದಳು. ಹಿಂದಿನ ನಲವತ್ತಾರು ಕುದುರೆಗಳೂ ಹೊಲದವೇ ಅಲ್ಲವೇ? ಒಂದರ ಹಿಂದೆ ಒಂದು, ಉತ್ತ ಸಾಲಿನಂತೆ ಎಡಕ್ಕೆ ತಿರುಗಿದವು. ಜನರಲ್ ಸಾಹೇಬರಿಗೆ ವಂದನೆಯ ಬದಲು ನಲವತ್ತೇಳು ಬಾಲಗಳ ದರ್ಶನ. ಬಯಲಿನ ಆಚೆ ತುದಿಗೆ ಹೋಗಿ ಜೀರ್ಕಾ ಮತ್ತೆ ತಿರುಗಿದಳು, ಮುಂದಿನ ಸಾಲು ಉಳಬೇಕಲ್ಲ! ಇಡೀ ದಳ ಈಗ ಮುಖಾಮುಖಿಯಾಗಿ ವೇದಿಕೆಯತ್ತ ಬಂತು. ಜನರಲ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. ‘ಮೇಜರ್, ಇಂಥ ಶಿಸ್ತು ನಾನು ಇಂಗ್ಲೆಂಡಲ್ಲೂ ನೋಡಿಲ್ಲ. ಏನಿದು ಚಲನೆ?’ ಎಂದರು. ಮೇಜರ್ ಉಸಿರು ಹಿಡಿದು ‘ನಮ್ಮದೇ ಸರ್, 1918ರ ಯುದ್ಧದ ನೆನಪಿಗೆ’ ಎಂದುಬಿಟ್ಟರು. ‘ಕುದುರೆ?’ ‘ಸುಲ್ತಾನ್, ಸರ್. ಅರಬ್ಬಿ.’ ಅಷ್ಟು ಹೊತ್ತಿಗೆ ಫೋಟೋದವನು ಕ್ಲಿಕ್ ಎನ್ನಿಸಿದ್ದ. ನಾನು ಬಾವುಟ ಹಿಡಿದು ಕಂಬದಂತೆಯೇ ನಿಂತಿದ್ದೆ. ಬೇಲಿಯ ಆಚೆ ನಿಂತಿದ್ದ ಅಪ್ಪನಿಗೂ ಅದು ಕೇಳಿಸಿತು.

ಊರಿಗೆ ಇಪ್ಪತ್ತೆರಡು ಮೈಲಿ. ಅಪ್ಪ ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ, ಕುದುರೆಯೊಡನೆ ಮಾತಾಡಿದ. ‘ಬೇಜಾರು ಮಾಡ್ಕೋಬೇಡ ಕಣೇ. ನನ್ನ ಮಗನ ಹೆಸರನ್ನೂ ಇವರು ಹಾಗೇ ಮಾಡಿದಾರೆ’ ಎಂದ. ಅದೂ ನಿಜವೇ. ಸೇರುವಾಗ ಗುಮಾಸ್ತ ‘ಹರಾಸಿಮ್ ಕೊರ್ಚಿನ್ಸ್ಕಿ ಅಂತ ಬರೆಯೋಕೆ ಈ ಕಾಲಂ ಸಾಲಲ್ಲಪ್ಪ’ ಎಂದು ‘ಹ್ಯಾರಿ ಕೇ’ ಎಂದು ಗೀಚಿದ್ದ. ಪುಸ್ತಕದಲ್ಲಿ ಈಗಲೂ ಅದೇ ಇದೆ. ನನ್ನ ಹೆಸರಿನ ಬಗ್ಗೆ ನಾನು ಜಗಳ ಆಡುವುದಿಲ್ಲ. ಅದೇ ಹೆಸರಿನ ಬೋರ್ಡ್ ಹಾಕಿಕೊಂಡು ಹರಾಜು ನಡೆಸಿ ಮನೆ ಕಟ್ಟಿದವನು ನಾನು. ಬಾಯಿ ಇದ್ದವನು ಯಾವ ಹೆಸರಿನಲ್ಲೂ ಬದುಕುತ್ತಾನೆ. ಜೀರ್ಕಾಳಿಗೆ ಬಾಯಿ ಇರಲಿಲ್ಲ.

ಮುಂದಿನದು ನಿನಗೆ ಗೊತ್ತು. ಯುದ್ಧ ಬಂತು, ಕುದುರೆಗಳು ಹೊಲಕ್ಕೆ ಮರಳಿದವು, ನಮ್ಮನ್ನು ಕವಚ ದಳ ಎಂದು ಕರೆದರು. ಮೊದಲ ಆರು ತಿಂಗಳು ಟ್ಯಾಂಕೇ ಇರಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಟ್ಯಾಂಕಿನೊಳಗೆ ಕೂತು ಗೇರ್ ಬದಲಿಸುವುದನ್ನು ಕಲಿತೆವು. ಆಮೇಲೆ ಗುಜರಿಯಿಂದ ಎತ್ತಿ ತಂದ ಎರಡು ಡಬ್ಬಿ ಬಂದವು. ಇಂಗ್ಲೆಂಡಿಗೆ ಹೋದ ಮೇಲೆ ನಿಜವಾದ ಟ್ಯಾಂಕ್. ಅಲ್ಲಿನ ತರಬೇತಿಯವನು ಬಯಲಿನ ಕೊನೆ ಬಂದಾಗಲೆಲ್ಲ ನಮ್ಮ ಹುಡುಗರು ಎಡಕ್ಕೆ ತಿರುಗುವುದನ್ನು ಕಂಡು ‘ಎಡಕ್ಕೆ ಏನಿದೆ ಅಂತ ಹೋಗ್ತೀರೋ, ಅತ್ತೆ ಮನೆನಾ?’ ಎಂದು ಕಿರುಚುತ್ತಿದ್ದ. ದಳದ ಮುಂದಾಳು ಟ್ಯಾಂಕಿಗೆ ಸುಲ್ತಾನ್ ಎಂದು ಹೆಸರು ಬರೆಸಿದರು. ಅಷ್ಟು ಹೊತ್ತಿಗೆ ಕರ್ನಲ್ ಆಗಿದ್ದ ಹ್ಯಾದರ್ಲಿಯ ಅಪ್ಪಣೆ. ಆ ಹೆಸರಿನೊಳಗೆ ಕೂತು ನಾನು ಇಟಲಿಯಿಂದ ಹಾಲೆಂಡಿನವರೆಗೆ ಟ್ಯಾಂಕ್ ಓಡಿಸಿದೆ. ಹಾಲೆಂಡಿನ ಒಂದು ಕಾಲುವೆಯ ದಡದಲ್ಲಿ ಅಪ್ಪನ ಕಾಗದ ಸಿಕ್ಕಿತು. ‘ಜೀರ್ಕಾ ಹೋದಳು. ತೆಂಕಣ ಹೊಲ ಮುಗಿಸಿಯೇ ಹೋದಳು. ಕೋಲು ಇನ್ನೂ ಅಲ್ಲೇ ಇದೆ’ ಎಂದಿತ್ತು. ಇವತ್ತಿಗೂ ನಮ್ಮ ಗಾಡಿಗಳು ಪರೇಡಿನಲ್ಲಿ ವೇದಿಕೆಗೆ ಇಪ್ಪತ್ತು ಹೆಜ್ಜೆ ಈಚೆ ಎಡಕ್ಕೆ ತಿರುಗಿ, ಹಿಂಬದಿ ತೋರಿಸಿ, ಬಯಲು ಸುತ್ತಿ ಬಂದು ವಂದಿಸುತ್ತವೆ. ನೀನೇ ಎರಡು ಸಲ ಮಾಡಿದ್ದೀಯ. ಪುಸ್ತಕದಲ್ಲಿ ಅದಕ್ಕೆ ‘ಹ್ಯಾದರ್ಲಿ ತಿರುವು’ ಎಂದು ಹೆಸರು, ಬಾಣದ ಗುರುತು ಹಾಕಿದ ನಕ್ಷೆ ಸಮೇತ.

ಅರವತ್ತೊಂದನೇ ಪುಟ ತೆರೆದೆ. ಅದೇ ಫೋಟೋ. ನಮ್ಮ ಅಡುಗೆಮನೆಯ ಗೋಡೆಯ ಮೇಲಿನದೇ. ಚಿಕ್ಕವಳಿದ್ದಾಗ ನೀನು ಜಾಮ್ ಕೈಯಲ್ಲಿ ಮುಟ್ಟುತ್ತಿದ್ದೆಯಲ್ಲ, ಅದು. ಆದರೆ ಏನೋ ಕಮ್ಮಿ ಇದೆ. ಕನ್ನಡಕ ಒರೆಸಿ ನೋಡಿದೆ. ಹೆಗಲ ಮೇಲಿನ ಎರಡು ಬಿಳಿ ಕಲೆಗಳಿಲ್ಲ. ಮೈ ರೇಷ್ಮೆಯ ಹಾಗಿದೆ!

‘ಲಯಲ್, ಈ ಕಲೆ ಎಲ್ಲಿ ಹೋದವು?’

‘ಅವಾ? ನೆಗೆಟಿವ್‌ನಲ್ಲಿ ಎರಡು ಮಚ್ಚೆ ಇತ್ತು ಹ್ಯಾರಿ. ಫೋಟೋದವನು ಕ್ಲೀನ್ ಮಾಡಿದ. ಈಗ ಎಷ್ಟು ಚೆನ್ನಾಗಿದೆ ನೋಡು!’

‘ಅದು ಮಚ್ಚೆ ಅಲ್ಲಯ್ಯಾ, ಕೊರಳಪಟ್ಟಿ ಉಜ್ಜಿದ ಗುರುತು. ಇವಳು ಸುಲ್ತಾನ್ ಅಲ್ಲ, ನಮ್ಮನೆ ಜೀರ್ಕಾ.’

‘ನಮ್ಮಪ್ಪನ ಕುದುರೆ ನನಗೆ ಗೊತ್ತಿಲ್ವಾ?’

‘ನೀನಾಗ ತೊಟ್ಟಿಲಲ್ಲಿದ್ದೆ. ಹಲ್ಲಿನ ಡಾಕ್ಟರ್ ಆಗಿ ಕುದುರೆ ಬಾಯಿ ನೋಡಿ ವಯಸ್ಸು ಹೇಳೋಕೆ ಬರಲ್ಲ ನಿನಗೆ, ಫೋಟೋ ನೋಡಿ ತಳಿ ಹೇಳ್ತೀಯಾ? ಹೊಟ್ಟೆ ಕೆಳಗೆ ನೋಡು ಮೊದಲು. ಸುಲ್ತಾನ್ ಗಂಡು!’

ಅವನು ಕೆಂಪಾದ. ನಾನು ಅಪ್ಪನ ಮಾತು, ಕೋಲು, ಬಟ್ಟೆ ಎಲ್ಲ ಹೇಳಿದೆ. ಅವನು ಅಷ್ಟೂ ಕೇಳಿದ. ಕೇಳದವನ ಮೇಲೆ ಕೋಪ ಮಾಡಿಕೊಳ್ಳುವುದು ಸುಲಭ, ಇವನು ಕೇಳಿದ. ಕೇಳಿ, ಡೋನಟ್ ತಟ್ಟೆಯನ್ನು ನನ್ನ ಕಡೆ ತಳ್ಳಿ, ‘ಇರಬಹುದು ಹ್ಯಾರಿ. ಆದ್ರೆ ಯೋಚನೆ ಮಾಡು. ಹೊಲ ಉಳೋ ಕುದುರೆ ದಾರಿ ತಪ್ಪಿದ್ದಕ್ಕೆ ಒಂದು ರೆಜಿಮೆಂಟ್ ಐವತ್ತಾರು ವರ್ಷದಿಂದ ಎಡಕ್ಕೆ ತಿರುಗ್ತಿದೆ ಅಂತ ಬರೆಯೋಕಾಗುತ್ತಾ? ಬ್ರಿಗೇಡಿಯರ್ ಮುನ್ನುಡಿ ಬರೀತಿದಾರೆ’ ಎಂದ. ‘ದಾರಿ ತಪ್ಪಿದ್ದು ಅವಳಲ್ಲ’ ಎಂದೆ. ಆಗ ಅವನು ಇನ್ನೊಂದು ಹಾಳೆ ತೆಗೆದು ತೋರಿಸಿದ. ಅದರ ವಿಷಯ ಈಗ ಬರೆದರೆ ನನ್ನ ಅಕ್ಷರ ಕೆಡುತ್ತದೆ, ಕೊನೆಗಿಟ್ಟುಕೊಳ್ಳುತ್ತೇನೆ. ಅರವತ್ತೊಂದನೇ ಪುಟವನ್ನು ಕಟ್ಟಿನಿಂದ ಎಳೆದುಕೊಂಡು, ಕೋಟಿನೊಳಗೆ ಮಡಿಸಿಟ್ಟು, ಡೋನಟ್ ಮುಟ್ಟದೆ ಎದ್ದು ಬಂದೆ. ನನ್ನ ಜೀವಮಾನದಲ್ಲಿ ತಿನ್ನದೆ ಬಿಟ್ಟ ಮೊದಲ ಡೋನಟ್.

ಮನೆಗೆ ಬಂದು ಕೂಗಾಡಿದೆ. ಟೆಕ್ಲಾ ಹಿಟ್ಟು ನಾದುತ್ತ ಎಲ್ಲ ಕೇಳಿದಳು. ಆಮೇಲೆ ತಲೆ ಎತ್ತದೆ, ‘ಅಲ್ಲ, ಆ ಡಾಕ್ಟರ್ ಈ ಕಥೆ ಯಾರ ಬಾಯಲ್ಲಿ ಕೇಳಿ ಬೆಳೆದದ್ದು, ಸ್ವಲ್ಪ ಜ್ಞಾಪಿಸ್ಕೊಳ್ಳಿ’ ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ಒಂದು ಮಾತು ಕೇಳಿ ನಾನು ಕೊಟ್ಟಿಗೆಗೆ ಹೋಗಿ ನಿಂತದ್ದು ಇದೇ ಮೊದಲಲ್ಲ, ಆದರೆ ಅಷ್ಟು ಹೊತ್ತು ನಿಂತದ್ದು ಇದೇ ಮೊದಲು. ಅಪ್ಪನ ಆ ಕೋಲು ಅಲ್ಲೇ ಮೂಲೆಯಲ್ಲಿದೆ. ಬಟ್ಟೆ ಇಲ್ಲ, ಮೊಳೆ ಇದೆ.

ಸರಿ, ಹಾಳೆ ಮುಗಿಯುತ್ತಿದೆ. ಗಾಡಿಯಿಂದ ಇಳಿಯುವಾಗ ರಸ್ತೆ ಬಿಟ್ಟು ಹುಲ್ಲಿನ ಮೇಲೆ ಕಾಲಿಡಬೇಡ, ನೆಲದಲ್ಲಿ ಏನು ಹುಗಿದಿದ್ದಾರೋ. ಅಲ್ಲಿನ ಮುದುಕಿಯರು ಸೇಬು ಕೊಟ್ಟರೆ ಬೇಡ ಎನ್ನಬೇಡ, ತೆಗೆದುಕೊಂಡು ಏನಾದರೂ ಕೊಡು. ಟೆಕ್ಲಾ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ನಿನ್ನ ಜೊತೆಯ ಹುಡುಗರಿಗೂ ನನ್ನ ನೆನಪು ಹೇಳು. ದೇವರು ನಿನ್ನನ್ನು ಹೋದ ದಾರಿಯಲ್ಲೇ ಮರಳಿ ತರಲಿ. ಎಡಕ್ಕೋ ಬಲಕ್ಕೋ, ಮನೆಗೆ ಬಂದರೆ ಸಾಕು.

ನಿನ್ನ ತಾತ
ಹರಾಸಿಮ್ ಕೊರ್ಚಿನ್ಸ್ಕಿ

ತಾ.ಕ.: ಅಂಚೆ ವ್ಯಾನ್ ಗೇಟಿನ ಹತ್ತಿರ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಲಯಲ್ ತೋರಿಸಿದ ಆ ಇನ್ನೊಂದು ಹಾಳೆ ನಿನ್ನ ಕಾಗದ. ಕ್ರಿಸ್‌ಮಸ್‌ಗೆ ನೀನು ಡ್ರಿಲ್ ಹಾಲ್‌ಗೆ ಬರೆದದ್ದು: ‘ನನ್ನ ತಾತ ಹೇಳಿದ ಮೇಜರ್ ಕುದುರೆಯ ಕಥೆ ಕೇಳಿಯೇ ನಾನು ಸೈನ್ಯ ಸೇರಿದ್ದು, ಅದಕ್ಕೇ ನನ್ನ ಗಾಡಿಗೆ ಸುಲ್ತಾನ್ ಅಂತ ಹೆಸರು ಬರೆದಿದ್ದೇನೆ.’ ಅದನ್ನು ಪುಸ್ತಕದ ಕೊನೆಯ ಪುಟದಲ್ಲಿ, ನಿನ್ನ ಕೈಬರಹದಲ್ಲೇ ಅಚ್ಚು ಹಾಕುತ್ತಾರೆ. ‘ನೀನು ಸಹಿ ಹಾಕದಿದ್ರೂ ನಡೆಯುತ್ತೆ ಹ್ಯಾರಿ, ನಿನ್ನ ಮೊಮ್ಮಗಳ ಸಾಕ್ಷಿ ಇದೆ’ ಎಂದ. ಟೆಕ್ಲಾ ಹೇಳಿದ್ದು ನಿಜ. ಯುದ್ಧ ಮುಗಿದ ಮೇಲೆ 1946ರಲ್ಲಿ ದಳದ ಮೊದಲ ಔತಣದಲ್ಲಿ ಕರ್ನಲ್ ‘ಹ್ಯಾರಿ, ಆ ಪರೇಡ್ ಕಥೆ ನೀನೇ ಹೇಳು, ನಿನ್ನ ಬಾಯಲ್ಲಿ ಚೆಂದ’ ಎಂದರು. ಎದ್ದು ನಿಂತು ಸುಲ್ತಾನ್ ಎಂದೇ ಹೇಳಿದೆ. ಇನ್ನೂರು ಜನ ಮೇಜು ಕುಟ್ಟಿದರು. ನನಗೆ ಮಾತಾಡಲು ಬರುತ್ತದೆ ಎಂದು ನನಗೇ ಗೊತ್ತಾದದ್ದು ಅವತ್ತು. ನನ್ನ ಹರಾಜಿನ ಕಸುಬು ಶುರುವಾದದ್ದು ಅಲ್ಲಿಂದ. ಅಪ್ಪ ಬದುಕಿದ್ದ, ಅವನನ್ನು ನಾನು ಕರೆದಿರಲಿಲ್ಲ. ಆಮೇಲೆ ಪ್ರತಿ ವರ್ಷ ಹೇಳಿದೆ, ನಿನ್ನ ಅಮ್ಮನ ಮದುವೆಯಲ್ಲಿ ಹೇಳಿದೆ, ನೀನು ಒಂಬತ್ತು ವರ್ಷದವಳಿದ್ದಾಗ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದೆ. ಲಯಲ್ ಕಲೆ ಒರೆಸಿದ್ದು ಈ ತಿಂಗಳು; ನಾನು ಒರೆಸಲು ಶುರು ಮಾಡಿ ನಲವತ್ತೆಂಟು ವರ್ಷವಾಯಿತು. ಅರವತ್ತೊಂದನೇ ಪುಟದ ಹಿಂದೆ ಇಷ್ಟನ್ನೂ ಬರೆದು, ನನ್ನ ಪೂರ್ತಿ ಹೆಸರಿನ ಸಹಿ ಹಾಕಿ, ಗೋಡೆಯ ಮೇಲಿನ ಹಳೆಯ ಫೋಟೋ ಜೊತೆಗಿಟ್ಟು ಇದೇ ವ್ಯಾನಿನಲ್ಲಿ ಅಚ್ಚಿನವರಿಗೆ ನೇರವಾಗಿ ಕಳಿಸುತ್ತಿದ್ದೇನೆ. ಅವರು ಹಾಕದಿರಬಹುದು. ಕೊನೆಯ ಪುಟ ಮಾತ್ರ ನಿನ್ನದು, ಅದನ್ನು ಬದಲಿಸಲು ನಿನಗೊಬ್ಬಳಿಗೇ ಸಾಧ್ಯ. ಒಪ್ಪಿಗೆಯಾದರೆ ಗಾಡಿಯ ಮೇಲಿನ ಹೆಸರು ಅಳಿಸಿ ಜೀರ್ಕಾ ಎಂದು ಬರೆದು, ಮಾರ್ಚ್ ಮೂವತ್ತೊಂದರೊಳಗೆ ಆ ಪುಟಕ್ಕೆ ಒಂದು ಫೋಟೋ ಕಳಿಸು. ನಿಮ್ಮ ಗಾಡಿಗಳಿಗೆಲ್ಲ ಬಿಳಿ ಬಣ್ಣ ಅಲ್ಲವೇ, ಹಣೆಯ ಚುಕ್ಕೆ ಕಾಣುವುದಿಲ್ಲ. ಮುಂದಿನ ಎರಡು ಚಕ್ರಗಳ ಮೇಲೆ, ಹೆಗಲಿರುವ ಕಡೆ, ಗ್ರೀಸಿನ ಕೈಯನ್ನು ಒಂದೊಂದು ಸಲ ಒತ್ತಿಬಿಡು. ಆ ಕಲೆಯನ್ನು ಯಾರೂ ಒರೆಸದಂತೆ ನೋಡಿಕೊ.